ಸ್ಟೇಟಸ್‌ಗೆ ಹಾಕಿದ ಮೀನು

“ಇದು ಮೀನಲ್ವೇನಪ್ಪ ಷಡಕ್ಷರಿ?”

ತಿಪ್ಪಮ್ಮನವರು ಮೊಬೈಲನ್ನು ತೋಳುದ್ದ ದೂರ ಹಿಡಿದು ಕೇಳಿದರು. ಮೀನೇ. ಬಾಳೆಲೆಯ ಮೇಲೆ ತಲೆ, ಬಾಲ, ಕಣ್ಣುಗಳ ಸಮೇತ ಮಲಗಿತ್ತು. ಅದರ ಹಿಂದೆ ಹೂವಿನ ಅಂಗಿ ತೊಟ್ಟು, ತಂಪು ಕನ್ನಡಕ ಏರಿಸಿ, ಬಾಯಿ ಚಪ್ಪರಿಸುವವನ ಹಾಗೆ ಮುಖ ಮಾಡಿಕೊಂಡು ಕೂತಿದ್ದವನು ಸಾಕ್ಷಾತ್ ಷಡಕ್ಷರಿ. ಕೆಳಗೆ ಅವನೇ ಬರೆದಿದ್ದ: ‘ಬಾಲಿ ಐಲ್ಯಾಂಡ್! ಲೋಕಲ್ ಫುಡ್ ಮಜಾನೇ ಬೇರೆ!’

ಗುಬ್ಬಿಯಲ್ಲಿ ಸಮಾಜದವರು ನಡೆಸುವ ಉಚಿತ ಹಾಸ್ಟೆಲ್ಲಿಗೆ ಹೊಸ ಅಧ್ಯಕ್ಷರು ಬೇಕಾಗಿತ್ತು. ಜಾಗ ದಾನ ಕೊಟ್ಟ ಮನೆತನದ ಹಿರಿಯಾಕೆ ತಿಪ್ಪಮ್ಮನವರು ಹೂಂ ಅಂದರೆ ಆಯಿತು, ಊಹೂಂ ಅಂದರೆ ಹೋಯಿತು. ಆ ಕುರ್ಚಿಯ ಮೇಲೆ ಕಣ್ಣಿಟ್ಟು ಕೊಬ್ಬರಿ ವ್ಯಾಪಾರಿ ಷಡಕ್ಷರಿ ಹಣೆ ತುಂಬ ವಿಭೂತಿ ಬಳಿದುಕೊಂಡು ವರ್ಷಗಟ್ಟಲೆ ತಿರುಗಿದ್ದ. ಕುರ್ಚಿ ಇನ್ನೇನು ಕೈಗೆ ಬಂತು ಅನ್ನುವಾಗ ಹೆಂಡತಿಯನ್ನು ಕಟ್ಟಿಕೊಂಡು ಬಾಲಿಗೆ ಹಾರಿದ. ಹಾರಿದವನು ಸುಮ್ಮನಿರಬಾರದೇ? ಈ ಸ್ಟೇಟಸ್ ಹಾಕಿದ. ಯಾರೋ ಪುಣ್ಯಾತ್ಮರು ಅದನ್ನು ತಿಪ್ಪಮ್ಮನವರಿಗೆ ಕಳಿಸಿದ್ದರು. ಅವರು ಕುಣಿಗಲ್‌ನಿಂದ ಕಾರು ಮಾಡಿಸಿಕೊಂಡು, ಅವನು ಊರಿಗೆ ಮರಳಿದ್ದೇ ತಡ ನೇರ ಅವನ ಮನೆಗೇ ಬಂದು ಕೂತಿದ್ದರು.

“ಹಾಸ್ಟೆಲ್ಲಲ್ಲಿ ಮಕ್ಳು ಲಿಂಗಪೂಜೆ ಮಾಡಿ ಪ್ರಸಾದಕ್ಕೆ ಕೂತ್ಕೊತವೆ. ಅಂಥಾ ಜಾಗಕ್ಕೆ ಮೀನ್ ತಿಂದು ಊರಿಗೆಲ್ಲ ಡಂಗುರ ಸಾರೋನು ಅಧ್ಯಕ್ಷನಾ?”

“ಅಯ್ಯೋ ದೊಡ್ಡಮ್ಮಾ, ಲಿಂಗದಾಣೆ ತಿಂದಿಲ್ಲ! ಅದು ಬರೀ ಫೋಟೋಗೆ.”

“ಫೋಟೋಗೆ ಅಂದ್ರೆ?”

“ಎಲ್ರೂ ಹಾಕ್ತಾರಲ್ಲ, ಹಂಗೇ ನಾನೂ ಆರ್ಡರ್ ಮಾಡ್ದೆ, ಮುಂದೆ ಇಟ್ಕೊಂಡು ಇವಳ ಕೈಲಿ ಫೋಟೋ ಹೊಡೆಸ್ದೆ, ಎದ್ದೋಗಿ ಕೈ ತೊಳ್ಕೊಂಡೆ.”

“ತಿನ್ನದೇ ಇದ್ಮೇಲೆ ಕೈ ಯಾಕ್ ತೊಳ್ದೆ?”

“ವಾಸ್ನೆ ದೊಡ್ಡಮ್ಮ!”

ಅವನು ಹೇಳಿದ್ದು ನಿಜ. ಅದೇ ಅಸಹ್ಯ. ಬಾಲಿಯಲ್ಲಿ ಇದ್ದಷ್ಟು ದಿನವೂ ಅವನು ತಿಂದದ್ದು ಮನೆಯಿಂದ ಹೊತ್ತೊಯ್ದ ಅವಲಕ್ಕಿ, ಕೋಡುಬಳೆ, ಮತ್ತು ಹೋಟೆಲ್ ರೂಮಿನಲ್ಲಿ ಕದ್ದುಮುಚ್ಚಿ ಕುಕ್ಕರ್ ಇಟ್ಟು ಮಾಡಿದ ಅನ್ನಕ್ಕೆ ಚಟ್ನಿಪುಡಿ. ನೋಡಿದ್ದು ಅದಕ್ಕಿಂತ ಕಮ್ಮಿ. ಜಲಪಾತಕ್ಕೆ ಬೆನ್ನು ಹಾಕಿ ಫೋಟೋ ಹೊಡೆಸಿಕೊಂಡ, ಸಮುದ್ರಕ್ಕೂ ಬೆನ್ನು ಹಾಕಿ ಹೊಡೆಸಿಕೊಂಡ. ತೆಂಗಿನ ಮರಗಳು ಕಂಡಾಗ ಮಾತ್ರ ತಿರುಗಿ ನೋಡಿ, “ಥೂ, ಇಲ್ಲೂ ಇದೇನಾ? ಇದನ್ನ ನೋಡಕ್ಕೆ ಇಷ್ಟು ದೂರ ಬರ್ಬೇಕಿತ್ತಾ?” ಅಂದ. ಮಿಕ್ಕ ಹೊತ್ತೆಲ್ಲ ಎ.ಸಿ. ಹಾಕಿಕೊಂಡು ಮಲಗಿ, ಗುಬ್ಬಿಯಲ್ಲಿ ಯಾರ್ಯಾರು ತನ್ನ ಸ್ಟೇಟಸ್ ನೋಡಿದರು ಅಂತ ನೋಡಿದ.

ಈಗ ಅದೇ ಷಡಕ್ಷರಿ ಒಳಗೋಡಿ ಕುಕ್ಕರ್ ತಂದ. ಮಿಕ್ಕಿದ್ದ ಚಟ್ನಿಪುಡಿಯ ಡಬ್ಬಿಯನ್ನೂ ತಂದು ತಿಪ್ಪಮ್ಮನವರ ಕಾಲ ಬುಡದಲ್ಲಿ ಇಟ್ಟ. ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ಕೈ ಮಾಡಿದ.

“ಬೇಕಾದ್ರೆ ರೂಪಶ್ರೀನೇ ಕೇಳಿ. ಇವಳಂತೂ ಬಿಡಿ, ಆಚೆ ಊಟ ಅಂದ್ರೆ ಮೂಗು ಮುಚ್ಕೊತಾಳೆ. ಇಂಥೋಳ್ನ ಫಾರಿನ್‌ಗೆ ಕರ್ಕೊಂಡೋಗಿದ್ದು ದುಡ್ಡು ದಂಡ.”

ರೂಪಶ್ರೀ ಕಾಫಿ ತಟ್ಟೆಯನ್ನು ನೆಟ್ಟಗೆ ಹಿಡಿದುಕೊಂಡಳು.

ತಿಪ್ಪಮ್ಮನವರು ಕುಕ್ಕರನ್ನೂ ನೋಡಿದರು, ಡಬ್ಬಿಯನ್ನೂ ನೋಡಿದರು. “ಸರಿ ಬುಡು. ತಿಂದಿಲ್ಲ ಅಂದ್ಮೇಲೆ ನಂದೇನೂ ತಕರಾರಿಲ್ಲ” ಅಂದರು. ಷಡಕ್ಷರಿಗೆ ಹೋದ ಜೀವ ಬಂತು. ಖುಷಿ ತಡೆಯಲಾರದೆ, “ಬಾಲಿ ಹೆಂಗಿದೆ ನೋಡಿ ದೊಡ್ಡಮ್ಮ” ಎಂದು ತನ್ನ ಫೋನನ್ನೇ ಅವರ ಕೈಗೆ ಕೊಟ್ಟ. ಅವರು ಹೆಬ್ಬೆರಳಿನಿಂದ ಒಂದೊಂದೇ ತಳ್ಳುತ್ತ ಹೋದರು. ಷಡಕ್ಷರಿ ಮತ್ತು ಜಲಪಾತ, ಷಡಕ್ಷರಿ ಮತ್ತು ಸಮುದ್ರ, ಷಡಕ್ಷರಿ ಮತ್ತು ಮೀನು. ಅದರ ಮುಂದಿನ ಫೋಟೋದಲ್ಲಿ ಷಡಕ್ಷರಿ ಇರಲಿಲ್ಲ. ಅದೇ ಬಾಳೆಲೆಯ ಮೇಲೆ ಬರೀ ಮುಳ್ಳು, ಪಕ್ಕದಲ್ಲಿ ಹಿಂಡಿ ಬಿಸಾಕಿದ ನಿಂಬೆಹೋಳು.

“ಮತ್ತೆ ಇದನ್ನ ಖಾಲಿ ಮಾಡಿದ್ಯಾರು?”

ಷಡಕ್ಷರಿ ಬಗ್ಗಿ ನೋಡಿ ಬೆವರಿದ. ತಾನಿಲ್ಲದ ಫೋಟೋಗಳನ್ನು ಅವನು ಯಾವತ್ತೂ ನೋಡಿದವನೇ ಅಲ್ಲ.

“ಬೆಕ್ಕು! ಬೆಕ್ಕು ದೊಡ್ಡಮ್ಮ. ಆ ಊರಲ್ಲಿ ಬೆಕ್ಕಿನ ಕಾಟ ಜಾಸ್ತಿ.”

“ನಿಂಬೆಹಣ್ಣು ಹಿಂಡ್ಕೊಂಡು ತಿಂತಾ?”

ರೂಪಶ್ರೀ ಕಾಫಿ ಲೋಟಗಳನ್ನು ಟೀಪಾಯಿಯ ಮೇಲೆ ಇಟ್ಟಳು.

“ಪಾಪ, ಬೆಕ್ಕಿನ ಮೇಲೆ ಯಾಕ್ರೀ ಹಾಕ್ತೀರಾ? ನಾನು ತಿಂದೆ ದೊಡ್ಡಮ್ಮ. ಇವ್ರು ಕೈ ತೊಳ್ಯಕ್ಕೆ ಅಂತ ಹೋದೋರು ಎಷ್ಟೊತ್ತಾದ್ರೂ ಬರ್ಲಿಲ್ಲ. ಅದನ್ನ ಮಾಡ್ಕೊಟ್ಟ ಹೆಂಗಸು ನನ್ ಮುಖಾನೇ ನೋಡ್ಕೊಂಡು ನಿಂತಿದ್ಲು. ಒಂದ್ ಚೂರು ಬಾಯಿಗಿಟ್ಟೆ. ಆಮೇಲೆ ನಿಲ್ಸಕ್ಕಾಗ್ಲಿಲ್ಲ. ಮನೆಗ್ ಬಂದು ಪೂಜೆಗೆ ಕೂತಾಗ ತಪ್ಪಾಯ್ತು ಅಂತ ಕೇಳ್ಕೊಂಡೆ.” ಒಂದು ಲೋಟವನ್ನು ತಿಪ್ಪಮ್ಮನವರ ಕಡೆ ಸರಿಸಿ, “ಆದ್ರೆ ಚೆನ್ನಾಗಿತ್ತು” ಅಂದಳು.

“ಮಾನಗೆಟ್ಟೋಳೇ!” ಷಡಕ್ಷರಿ ಅರಚಿದ. ತಕ್ಷಣ ದನಿ ಇಳಿಸಿ, ಕೈ ಹೊಸೆಯುತ್ತ ತಿಪ್ಪಮ್ಮನವರ ಕಡೆ ತಿರುಗಿದ. “ತಿಂದೋಳು ಅವಳೇ ಅಂತ ಅವಳ ಬಾಯಲ್ಲೇ ಬಂತಲ್ಲ ದೊಡ್ಡಮ್ಮ. ನಂದೇನೂ ತಪ್ಪಿಲ್ಲ. ಅಧ್ಯಕ್ಷ ನಾನೇ ತಾನೇ?”

ತಿಪ್ಪಮ್ಮನವರು ಫೋನನ್ನು ಅವನ ಕೈಗೆ ತುರುಕಿ, ಸೆರಗು ಸರಿಮಾಡಿಕೊಂಡು ಎದ್ದರು.

“ಅವಳು ತಿಂದಿದ್ದನ್ನ ಅವಳೇ ಒಪ್ಕೊಂಡ್ಲು. ನೀನು ಇವತ್ತು ಮೀನಿಗೆ ಬೆಕ್ಕು ತಂದೆ. ನಾಳೆ ಹಾಸ್ಟೆಲ್ ಅಕ್ಕಿ ಕಮ್ಮಿ ಬಿದ್ರೆ ಇಲಿ ತಿಂತು ಅಂತೀಯ.”