ಎರಡನೆಯ ಸಾಕ್ಷಿ

"ಆ ಹೆಂಗಸು ಹುಟ್ಟಿದ್ದಕ್ಕೆ ನಾನ್ಯಾಕೆ ಸಾಕ್ಷಿ ಹೇಳಲಿ? ಹುಟ್ಟಬಾರದಿತ್ತು ಅಂತ ಬೇಕಾದ್ರೆ ಬರ್ಕೊಡ್ತೀನಿ," ಎಂದು ಕುರ್ದಿಂಗ್ ಅಜ್ಜಿ ಬಿಸಿಲಿಗಿಟ್ಟ ಮೀನುಗಳನ್ನು ಒಂದೊಂದಾಗಿ ಮಗುಚಿ ಹಾಕತೊಡಗಿದಳು.

ಹೆರ್ಲಿನ್ ಅಂಗಳದಲ್ಲೇ ನಿಂತಳು. ಪನಾಯ್ ದ್ವೀಪದ ಆ ಸಣ್ಣ ಊರಿನ ಪುರಸಭೆಯಲ್ಲಿ, ಜನನ ಮರಣ ವಿಭಾಗದಲ್ಲಿ, ಅವಳು ಇಂಟರ್ನ್. ಮುನ್ನೂರು ಗಂಟೆಗಳ ಸೇವೆ ಮುಗಿದಿತ್ತು. ಆದರೆ ಒಂದಾದರೂ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ನಡೆಸಿ ಮುಗಿಸದೆ ವಿಶ್ವವಿದ್ಯಾಲಯ ಅಂಕ ಕೊಡುವುದಿಲ್ಲ. ಅವಳ ಪಾಲಿಗೆ ಬಂದದ್ದು ಇಸ್ಯಾಂಗ್ ಅಜ್ಜಿಯ ಅರ್ಜಿ. ಎಪ್ಪತ್ತೆಂಟು ವರ್ಷ; ಜನನದ ದಾಖಲೆಯೇ ಇಲ್ಲ. ಅರ್ಧ ಶತಮಾನ ಜೊತೆಗೆ ಬಾಳಿದ ಮುದುಕನನ್ನು ಪುರಸಭೆಯ ಸಾಮೂಹಿಕ ಮದುವೆಯಲ್ಲಿ ಕಾನೂನು ಪ್ರಕಾರ ಕೈಹಿಡಿಯುವ ಆಸೆ ಅವಳಿಗೆ. ದಾಖಲೆ ಇಲ್ಲದೆ ಮದುವೆ ಇಲ್ಲ. ಅವಳು ಹುಟ್ಟಿದ್ದನ್ನು ಬಲ್ಲ, ನೆಂಟರಲ್ಲದ ಇಬ್ಬರು ಸಾಕ್ಷಿ ಹೇಳಬೇಕಿತ್ತು. ಒಬ್ಬರು ಹೇಗೋ ಸಿಕ್ಕಿದ್ದರು. ಬದುಕಿ ಉಳಿದ ಇನ್ನೊಬ್ಬಳೆಂದರೆ ಈ ಕುರ್ದಿಂಗ್. ಇಸ್ಯಾಂಗಳ ಹಂದಿ ಇವಳ ಗೆಣಸಿನ ಪಾತಿಯನ್ನು ಬುಡಮೇಲು ಮಾಡಿದಂದಿನಿಂದ ಇಬ್ಬರಿಗೂ ಮಾತಿಲ್ಲ. ಆ ಹಂದಿ ಸತ್ತೇ ನಲವತ್ತು ವರ್ಷವಾಗಿತ್ತು.

ದಾರಿಯುದ್ದಕ್ಕೂ ಹೆರ್ಲಿನ್ ಒಳ್ಳೊಳ್ಳೆಯ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಬಾಯಿಂದ ಹೊರಟದ್ದು ಬೇರೆಯೇ.

"ಅಜ್ಜಿ, ಇವತ್ತೇ ಕೊನೇ ದಿನ. ಈ ಫೈಲು ಮುಗೀದಿದ್ರೆ ನಾನು ಇನ್ನೊಂದು ವರ್ಷ ಓದಬೇಕಾಗುತ್ತೆ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅಜ್ಜಿ ತಲೆಯೆತ್ತಿ ನೋಡಿದಳು.

"ಊಟ ಮಾಡಿದ್ಯಾ?"

"ಇಲ್ಲ."

ಅನ್ನ, ಹುರಿದ ಮೀನು ಹಾಕಿ, ಹುಡುಗಿ ತಿಂದು ಮುಗಿಸುವಷ್ಟರಲ್ಲಿ ಅಜ್ಜಿ ಚರ್ಚಿಗೆ ಹೋಗುವ ರವಿಕೆ ತೊಟ್ಟು ಬಂದಳು. "ನಿನಗೋಸ್ಕರ ಬರ್ತಿದೀನಿ. ಅವಳ ಮುಖ ನೋಡೋಳಲ್ಲ, ಈಗ್ಲೇ ಹೇಳಿದೀನಿ."

ಕಚೇರಿಯಲ್ಲಿ ಇಸ್ಯಾಂಗ್ ಮೊದಲೇ ಬಂದು ಕಾಯುತ್ತಿದ್ದಳು. ಒಬ್ಬಳು ಕಿಟಕಿಗೆ, ಇನ್ನೊಬ್ಬಳು ಗೋಡೆಗೆ ಮುಖಮಾಡಿ ಕೂತರು.

"ಅರ್ಜಿದಾರರಿಗೂ ನಿಮಗೂ ಏನು ಸಂಬಂಧ?" ಹೆರ್ಲಿನ್ ಕೇಳಿದಳು.

"ಏನೂ ಇಲ್ಲ. ದಪ್ಪ ಅಕ್ಷರದಲ್ಲಿ ಬರ್ಕೋ," ಎಂದಳು ಕುರ್ದಿಂಗ್.

"ಇರೋದೂ ಬೇಡ," ಎಂದಳು ಇಸ್ಯಾಂಗ್, ಗೋಡೆಗೆ.

"ಇವರು ಹುಟ್ಟಿದ್ದು ನಿಮಗೆ ಹೇಗೆ ಗೊತ್ತು?"

"ನಮ್ಮಮ್ಮ ಸೂಲಗಿತ್ತಿ. ನನಗಾಗ ಏಳು ವರ್ಷ. ಇವಳ ಮನೆ ಮುಂದೆ ಭತ್ತ ಒಣಹಾಕಿದ್ರು, ಕೋಳಿ ಓಡಿಸ್ತಾ ಕೂತಿದ್ದೆ. ಒಳಗಿಂದ ಅಮ್ಮ ಕೂಗಿದ್ಲು. ಬಾಣಂತಿಗೆ ರಕ್ತ ನಿಲ್ತಿರಲಿಲ್ಲ. ಕೂಸನ್ನ ನನ್ನ ಕೈಗೆ ಹಾಕಿ, 'ಇದು ಅಳ್ತಾ ಇಲ್ಲ, ಬೆನ್ನು ಉಜ್ತಾ ಇರು, ನಿಲ್ಲಿಸಬೇಡ' ಅಂದ್ಲು. ಉಜ್ಜಿದೆ. ಕೈ ಸೋತುಹೋಯ್ತು, ಆದ್ರೂ ಉಜ್ಜಿದೆ. ಆ ಕಡೆ ಭತ್ತವನ್ನೆಲ್ಲ ಕೋಳಿ ತಿಂದ್ವು. ಕೊನೆಗೆ ಇವಳು ಅತ್ಲು. ಸಾನ್ ರೋಕೆ ಹಬ್ಬದ ಮಾರನೇ ದಿನ."

ಇಸ್ಯಾಂಗ್ ನಿಧಾನವಾಗಿ ಈ ಕಡೆ ತಿರುಗಿದ್ದಳು. "ಇಷ್ಟು ವರ್ಷ ನನಗೊಂದು ಮಾತು ಹೇಳಲಿಲ್ವಲ್ಲೇ."

"ಹೇಳೋಷ್ಟರಲ್ಲಿ ನಿನ್ನ ಹಂದಿ ಬಂತು."

ಹೆರ್ಲಿನ್ ತಲೆತಗ್ಗಿಸಿ ಬರೆಯುತ್ತಲೇ ಇದ್ದಳು. ಅಕ್ಷರಗಳು ಸರಿಯಾಗಿ ಕಾಣುತ್ತಿರಲಿಲ್ಲ. ಇನ್ನೊಂದೇ ಕಾಲಂ ಉಳಿದಿತ್ತು. ವಯಸ್ಸಾದವರ ಅರ್ಜಿಯಲ್ಲಿ ಅದನ್ನು ಖಾಲಿ ಬಿಡುವುದು ವಾಡಿಕೆ. ಅವಳು ಬಿಡಲಿಲ್ಲ, ಗಟ್ಟಿಯಾಗಿ ಓದಿದಳು: "ಹುಟ್ಟಿದಾಗಿನ ತೂಕ?"

"ತಕ್ಕಡಿ ಎಲ್ಲಿತ್ತು ತಾಯಿ? ಇಷ್ಟೇ ಇದ್ಲು," ಎಂದು ಕುರ್ದಿಂಗ್ ಸುಕ್ಕುಗಟ್ಟಿದ ಎರಡೂ ಅಂಗೈಗಳನ್ನು ಮುಂದೆ ಚಾಚಿ ಹಿಡಿದಳು.

ಇಸ್ಯಾಂಗ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಬಗ್ಗಿ, ಆ ಅಂಗೈಗಳ ನಡುವಿನ ಖಾಲಿ ಜಾಗವನ್ನೇ ನೋಡುತ್ತ ಕೂತಳು. ಕುರ್ದಿಂಗಳ ತೋಳು ನಡುಗತೊಡಗಿದವು. ಅವಳು ಇಳಿಸಲಿಲ್ಲ.