ತೋಪು ಬೇಕೋ ಬೇಡವೋ

ಪರದೇಶದ ಯುದ್ಧಕ್ಕೆ ಶಸ್ತ್ರ ಕಳಿಸಬೇಕೋ, ಕಳಿಸದೆ ರಾಜಿಗೆ ಬಿಡಬೇಕೋ ಎಂಬುದನ್ನು ಚೀಟಿ ಎತ್ತಿ ಆರಿಸಿದ ಒಬ್ಬ ಪ್ರಜೆ ತೀರ್ಮಾನಿಸಬೇಕು. ಆ ತೀರ್ಮಾನವನ್ನು ಅಲ್ಲಿಯ ಒಬ್ಬರಿಗೆ ತಾನೇ ಫೋನಿನಲ್ಲಿ ಹೇಳಬೇಕು. ಕಾನೂನು ಹಾಗಿತ್ತು. ಈ ಸಲದ ಚೀಟಿ ಹುಬ್ಬಳ್ಳಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕಸ್ತೂರೆವ್ವನ ಹೆಸರಿಗೆ ಬಂದಿತ್ತು.

ವಾರ್ಡ್ ಆಫೀಸಿನ ಗುಮಾಸ್ತ ತೋಪಿಗೊಂದು, ರಾಜಿಗೊಂದು ಗುಂಡಿಯಿದ್ದ ಪೆಟ್ಟಿಗೆಯನ್ನು ಮುಂದಿಟ್ಟು ಫೋನು ಹಚ್ಚಿಕೊಟ್ಟ. ಆ ಕಡೆ ಇರ್ಮಾ ಎಂಬ ಹೆಂಗಸಿದ್ದಳು. ಅವಳ ಮಾತನ್ನು ಯಂತ್ರ ಹುಬ್ಬಳ್ಳಿ ಕನ್ನಡಕ್ಕೆ ತಿರುಗಿಸುತ್ತಿತ್ತು.

“ತೋಪು ಕಳಿಸಿದ್ರ ಏನಾಗ್ತದ್ರಿ?” ಎಂದು ಕಸ್ತೂರೆವ್ವ ಕೇಳಿದಳು.

“ನನ್ನ ಮಗಳು ಇನ್ನೂ ಒಂದ್ ವರ್ಷ ಕಾದಾಡ್ತಾಳ. ಗಂಡಮಕ್ಕಳು ಇಬ್ಬರೂ ಹೋದ್ರು.”

“ರಾಜಿ ಆದ್ರ?”

“ನಮ್ಮೂರು ವೈರಿಗಳ ಪಾಲಿಗೆ ಹೋಗ್ತದ. ನಾವು ಮನಿ ಬಿಡಬೇಕು.”

“ನೀವ ಏನಂತೀರಿ?”

“ಮುಂಜಾನೆ ತೋಪು ಬೇಕಂತೀನಿ. ಮಗಳ ಫೋನ್ ಬಂತಂದ್ರ ಬ್ಯಾಡಂತೀನಿ. ನನ್ನ ಕೇಳಬ್ಯಾಡ್ರಿ.”

ಕಸ್ತೂರೆವ್ವ ರಾಜಿಯ ಗುಂಡಿ ಒತ್ತಿ, “ತೋಪು ಬ್ಯಾಡ ಅಂದೀನ್ರಿ, ಅಕ್ಕಾರ,” ಎಂದಳು.

“ಹಂಗಾರ ನಾವು ಎಲ್ಲಿಗೆ ಹೋಗೂಣು?” ಎಂದಳು ಇರ್ಮಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅವಳು ನಿಜವಾಗಿಯೂ ಕೇಳುತ್ತಿದ್ದಳು.

ವೇಳೆ ಮುಗಿದಿತ್ತು. ಗುಮಾಸ್ತ ಫೋನಿಗೆ ಕೈ ಚಾಚಿದ. ಕಸ್ತೂರೆವ್ವ ಅವನಿಗೆ ಬೆನ್ನು ತಿರುಗಿಸಿ ನಿಂತಳು.

“ಬರಕೊಳ್ರಿ,” ಎಂದಳು. “ಕಸ್ತೂರೆವ್ವ ಗಾಣಿಗೇರ. ಹಳೇ ಹುಬ್ಬಳ್ಳಿ, ನೀರಿನ ಟಾಕಿ ಹಿಂದ, ಎರಡನೇ ಮನಿ. ಇರೂದು ಎರಡ ಖೋಲಿ. ಒಂದು ನಿಮಗ.”