ಗೋಡೆ ದಾಟಿದ ಜಾಜಿ

ಒಂದೂರಲ್ಲಿ ರಾಜನೂ ಇಲ್ಲದ, ರಾಣಿಯೂ ಇಲ್ಲದ ಒಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಹುಡುಗಿ ಇದ್ದಳಂತೆ. ಮಾತಿಗೆ ಯಾರೂ ಇಲ್ಲವೆಂದು ಅವಳು ನರ್ಸರಿಗೆ ಹೋಗಿ, ಬೇಗ ಹಬ್ಬುವ ಬಳ್ಳಿ ಯಾವುದೆಂದು ಕೇಳಿ, ಒಂದು ಜಾಜಿ ತಂದು ಕಾಂಪೌಂಡ್ ಗೋಡೆಯ ಬುಡದಲ್ಲಿ ನೆಟ್ಟಳು.

ಬಳ್ಳಿ ಗೋಡೆ ದಾಟಿದ ದಿನವೇ ಪಕ್ಕದ ಮನೆಯ ಅಜ್ಜಿ ಗೇಟು ತೆಗೆದು ಬಂದಳು.

“ಏನೇ ಹುಡುಗಿ, ನಿನ್ನ ಬಳ್ಳಿ ನಮ್ಮ ಕಡೆಯೆಲ್ಲ ಕಸ ಉದುರಿಸ್ತಿದೆ. ಕತ್ತರಿಸು.”

“ನಾಳೆ ಖಂಡಿತ ಕತ್ತರಿಸ್ತೀನಿ ಅಜ್ಜಿ. ಕಾಫಿ ಕುಡೀತೀರಾ?”

“ಸಕ್ಕರೆ ಕಮ್ಮಿ ಹಾಕು.”

ಆಮೇಲೆ ಸಂಜೆಯಾದರೆ ಅದೇ ಬೈಗುಳ, ಅದೇ ಕಾಫಿ, ಅದೇ ‘ನಾಳೆ’. ಕತ್ತರಿಸಿಬಿಟ್ಟರೆ ಅಜ್ಜಿ ಇನ್ಯಾಕೆ ಬರುತ್ತಾಳೆ ಎಂದು ಹುಡುಗಿ ಕತ್ತರಿ ಮುಟ್ಟಲೇ ಇಲ್ಲ.

ಒಂದು ಸಂಜೆ ಅಜ್ಜಿ, “ಕೊಟ್ಟ ಮಾತಿಗೆ ಬೆಲೆಯೇ ಇಲ್ವೇನೇ ನಿಂಗೆ?” ಅಂದಳು. ಹುಡುಗಿಗೆ ನಾಚಿಕೆಯಾಯಿತು. ಕತ್ತರಿ ಹಿಡಿದು ಸ್ಟೂಲು ಹತ್ತಿದಳು.

“ಇವತ್ತೇ ಬೇಡ ಬಿಡು,” ಅಜ್ಜಿ ಗಡಿಬಿಡಿಯಿಂದ ಎದ್ದಳು. “ಕತ್ತರಿಸಲೇಬೇಕು ಅಂದ್ರೆ ಈ ಕಡೆಯಿಂದಲೇ ಕತ್ತರಿಸು. ಆ ಕಡೆ ಇಣುಕಬೇಡ.”

ಇಣುಕಬೇಡ ಎಂದರೆ ಕತೆಯಲ್ಲಿ ಯಾರು ತಾನೇ ಇಣುಕದೆ ಇದ್ದಾರೆ? ಗೋಡೆಯಾಚೆ, ಹಳೆ ಸೀರೆಯ ಚೂರುಗಳಲ್ಲಿ ಬಳ್ಳಿಯನ್ನು ಮೊಳೆಗಳಿಗೆ ಮೆತ್ತಗೆ ಕಟ್ಟಲಾಗಿತ್ತು. ಮುಂದೆ ಅಜ್ಜಿಯ ಕಿಟಕಿಯವರೆಗೂ ಹೊಸ ಮೊಳೆಗಳನ್ನು ಹೊಡೆಯಲಾಗಿತ್ತು.

“ಕತ್ತರಿಸಿದೆಯಾ?” ಅಜ್ಜಿಯ ದನಿ ಸಣ್ಣಗಾಗಿತ್ತು.

ಹುಡುಗಿ ಒಂದು ಹಣ್ಣೆಲೆಯನ್ನು ಕತ್ತರಿಸಿ ಕೆಳಗೆ ಹಾಕಿದಳು.

“ಕತ್ತರಿಸಿದೆ ಅಜ್ಜಿ. ಸರಿಯಾಗಿದೆಯಾ ಅಂತ ನಾಳೆ ಸಂಜೆ ಬಂದು ನೋಡಿ.”